ಮಂಡಗದ್ದೆ ಹತ್ತಿರ ಮಿನುಗಿದ ಹಳದಿ ದೀಪ: ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಪ್ರಕರಣ

ತಂಗಿ ಫೋನ್ ಮಾಡಿದಾಗ ಶನಿವಾರ ಮಧ್ಯಾಹ್ನ ಎರಡೂವರೆ. ಜುಲೈ ತಿಂಗಳು. ಮಳೆಯ ಸದ್ದಿನಲ್ಲಿ ಅವಳ ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು.

"ಅಣ್ಣ, ಮಂಡಗದ್ದೆ ಹತ್ರ ಇದೀನಿ. ಕಾರಲ್ಲಿ ಇಂಜಿನ್ ಚಿತ್ರದ ಹಳದಿ ಲೈಟ್ ಬಂದಿದೆ. ಮೊದಲು ಮಿಣಮಿಣ ಅಂತಿತ್ತು, ಈಗ ಒಂದೇ ಸಮ ಉರೀತಿದೆ. ಇಲ್ಲೇ ಒಂದು ಗ್ಯಾರೇಜಿಗೆ ತಂದೆ. ಸೆನ್ಸರ್ ಹೋಗಿದೆ, ಆರೂವರೆ ಸಾವಿರ ಆಗುತ್ತೆ ಅಂತಿದಾರೆ. ಸದ್ಯಕ್ಕೆ ಬ್ಯಾಟರಿ ವೈರ್ ಬಿಚ್ಚಿ ಹಾಕಿದ್ರೆ ಲೈಟ್ ಹೋಗುತ್ತಂತೆ. ಎಂತ ಮಾಡ್ಲಿ?"

"ಬ್ಯಾಟರಿ ಮುಟ್ಟೋದು ಬೇಡ ಅನ್ನು. ಇಂಜಿನ್ ಆಫ್ ಮಾಡಿ ಅಲ್ಲೇ ಇರು, ಬರ್ತೀನಿ" ಎಂದೆ.

ಅವತ್ತು ಬ್ಯಾಟರಿ ಬಿಚ್ಚಿದ್ದರೆ ಈ ಪ್ರಕರಣದಲ್ಲಿ ಬರೆಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಎಷ್ಟೋ ಕಾರುಗಳಲ್ಲಿ ಬ್ಯಾಟರಿ ತೆಗೆದ ಕೂಡಲೇ ಕಂಪ್ಯೂಟರಿನ ನೆನಪು ಅಳಿಸಿ ಹೋಗುತ್ತದೆ. ದೀಪ ಆರುತ್ತದೆ, ಜೊತೆಗೆ ಯಾಕೆ ಹತ್ತಿತು ಅನ್ನುವ ಲೆಕ್ಕವೂ ಹೋಗುತ್ತದೆ. ಹಳೆ ಕಾರು ಹೊಸದಾಗಿ ಕೊಂಡವರಿಗೆ ಆ ಲೆಕ್ಕವೇ ಎಲ್ಲಕ್ಕಿಂತ ಜಾಸ್ತಿ ಮುಖ್ಯ. ಅದಕ್ಕೇ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ಕಾರು

2015ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಾಲ್ಕು ಸಿಲಿಂಡರ್, 1.2 ಲೀಟರ್ ಇಂಜಿನ್. ಕಂಪನಿ ಹೆಸರು ಬೇಡ, ಹತ್ತು ವರ್ಷದ ಹತ್ತಿರ ಓಡಿದ ಯಾವ ಕಾರಿಗೂ ಈ ತೊಂದರೆ ಬರಬಹುದು. ತಂಗಿ ತೀರ್ಥಹಳ್ಳಿಯಲ್ಲಿ ಹೈಸ್ಕೂಲ್ ಟೀಚರ್. ಶಿವಮೊಗ್ಗದ ಒಬ್ಬರ ಹತ್ತಿರ 2.85 ಲಕ್ಷಕ್ಕೆ ಮಾತಾಯಿತು. ಅವರು ಎರಡನೇ ಓನರ್. ಎರಡು ಭಾನುವಾರದ ಕೆಲಸ. ಮೊದಲ ಭಾನುವಾರ ನೋಡಿ ಬಂದರು, ಮುಂದಿನ ಭಾನುವಾರ ಕಾರು ಕೈಗೆ ಬಂತು. ಮಾಲೀಕತ್ವ ಬದಲಾವಣೆಯ ಫಾರಂ 29, ಫಾರಂ 30ಕ್ಕೆ ಸಹಿ ಆಯಿತು. ತಂಗಿ ಗಂಡ ಒಂದು ಒಳ್ಳೆಯ ಕೆಲಸ ಮಾಡಿದ್ದರು. 15,000 ರೂಪಾಯಿಯನ್ನು ಆರ್‌ಸಿಯಲ್ಲಿ ಹೆಸರು ಬದಲಾದ ಮೇಲೆ ಕೊಡುವುದು ಎಂದು ಚೀಟಿಯಲ್ಲಿ ಬರೆಸಿಕೊಂಡಿದ್ದರು.

ಎರಡೂ ಭಾನುವಾರ ನಾನು ಊರಲ್ಲಿರಲಿಲ್ಲ. ಈಗಲೂ ಅದೊಂದು ಬೇಜಾರು. ತಂಗಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದಳು. ಬಾನೆಟ್ ಒಳಗೆ ಲಕಲಕ ಹೊಳೆಯುತ್ತಿತ್ತು. "ನೋಡಣ್ಣ, ಎಷ್ಟು ನೀಟಾಗಿ ಇಟ್ಕೊಂಡಿದಾರೆ" ಎಂದು ಬರೆದಿದ್ದಳು. ಒಂಬತ್ತು ವರ್ಷದ ಕಾರಿನ ಇಂಜಿನ್ ಮೇಲೆ ಸ್ವಲ್ಪ ಧೂಳು, ಅಲ್ಲಲ್ಲಿ ಜಿಡ್ಡು ಇರುವುದು ಸಹಜ. ಅದು ಕಾರು ಹೇಗೆ ಓಡಿದೆ ಅಂತ ಹೇಳುತ್ತದೆ. ಮಾರುವ ಮೊದಲು ಪ್ರೆಶರ್ ವಾಶ್ ಮಾಡಿಸಿದರೆ ಜಿಡ್ಡಿನ ಜೊತೆ ಆಯಿಲ್ ಎಲ್ಲಿಂದ ಜಿನುಗುತ್ತಿತ್ತು ಅನ್ನುವ ಗುರುತೂ ತೊಳೆದು ಹೋಗುತ್ತದೆ. ಫೋಟೋ ನೋಡಿದಾಗ ನನಗೂ ಇದು ಹೊಳೆಯಲಿಲ್ಲ.

ಟೆಸ್ಟ್ ಡ್ರೈವ್ ಮಾಡಿದ್ದು ಶಿವಮೊಗ್ಗ ಪೇಟೆಯಲ್ಲಿ. ಸಪಾಟು ರಸ್ತೆ, ಒಣ ಬಿಸಿಲು, ಹೆಚ್ಚೆಂದರೆ ಮೂರು ಕಿಲೋಮೀಟರ್. ಕಾರು ಚೆನ್ನಾಗಿಯೇ ಓಡಿತು. ಓಡಲೇಬೇಕಿತ್ತು, ಯಾಕೆ ಅಂತ ಮುಂದೆ ಬರುತ್ತದೆ.

ಆರು ದಿನ ಮನೆಯಿಂದ ಸ್ಕೂಲು, ಸ್ಕೂಲಿಂದ ಮನೆ. ಏನೂ ತೊಂದರೆ ಇಲ್ಲ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಶಿವಮೊಗ್ಗಕ್ಕೆ ಹೊರಟಳು. ತುಂಗೆಯ ಪಕ್ಕದ ರಸ್ತೆ, ಏರು ಇಳಿತ, ಎಡೆಬಿಡದ ಮಳೆ. ಮುಂದೆ ಒಂದು ಲಾರಿ. ಅದನ್ನು ದಾಟಲು ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಳು. ಕಾರು ಗಡಗಡ ನಡುಗಿತು, ಪಿಕಪ್ ಸತ್ತಿತು, ದೀಪ ಮಿನುಗತೊಡಗಿತು. ಹೆದರಿ ಕಾಲು ತೆಗೆದಳು. ದೀಪ ಮಿನುಗುವುದು ನಿಂತು ಒಂದೇ ಸಮ ಉರಿಯಿತು.

ಅವಳು ಕಾಲು ತೆಗೆದದ್ದೇ ಸರಿಯಾದ ಕೆಲಸ. ಈ ಹಳದಿ ದೀಪ ಸುಮ್ಮನೆ ಉರಿದರೆ ಕಾರನ್ನು ಮೆಲ್ಲಗೆ ಓಡಿಸಿಕೊಂಡು ಹೋಗಿ ತೋರಿಸಬಹುದು. ಮಿನುಗಿದರೆ ಹಾಗಲ್ಲ. ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದೆ ಹಸಿಯಾಗಿಯೇ ಸೈಲೆನ್ಸರ್ ಕಡೆ ಹೋಗುತ್ತಿದೆ ಎಂದು ಅರ್ಥ. ಗ್ಯಾರೇಜ್ ಭಾಷೆಯಲ್ಲಿ ಹೇಳುವುದಾದರೆ ಇಂಜಿನ್ "ಮಿಸ್ಸಿಂಗ್". ಆ ಪೆಟ್ರೋಲ್ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ತೂತಿರುವ ಪಿಂಗಾಣಿ ಇಟ್ಟಿಗೆ ಇರುತ್ತದೆ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಕಾವು ಮಿತಿ ಮೀರಿದರೆ ಆ ಗೂಡು ಕರಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ. ಇನ್ನು ಕೆಂಪು ದೀಪಗಳ ಮಾತೇ ಬೇರೆ. ಆಯಿಲ್ ಕ್ಯಾನ್ ಚಿತ್ರವೋ ಥರ್ಮಾಮೀಟರ್ ಚಿತ್ರವೋ ಕೆಂಪಗೆ ಹತ್ತಿದರೆ ಗ್ಯಾರೇಜಿನವರೆಗೂ ಹೋಗಬಾರದು, ರಸ್ತೆ ಬದಿಗೆ ತಂದು ಇಂಜಿನ್ ಆಫ್ ಮಾಡಬೇಕು.

ಸ್ಕ್ಯಾನರ್ ಹೇಳಿದ್ದು

ಶಿವಮೊಗ್ಗದಿಂದ ಮಂಡಗದ್ದೆಗೆ 30 ಕಿಲೋಮೀಟರ್ ಆಸುಪಾಸು. ಬೈಕಿನಲ್ಲಿ ರೇನ್‌ಕೋಟ್ ಹಾಕಿಕೊಂಡು ಹೋದೆ. ಬ್ಯಾಗಿನಲ್ಲಿ ಬ್ಲೂಟೂತ್ ಸ್ಕ್ಯಾನರ್, ಒಂದಿಷ್ಟು ಸ್ಪ್ಯಾನರ್, ಹಳೆ ಬನಿಯನ್ ಬಟ್ಟೆ. ಈ ಸ್ಕ್ಯಾನರ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಿದರೆ ಮೊಬೈಲ್ ಆ್ಯಪ್‌ನಲ್ಲಿ ಕಾರಿನ ಕಂಪ್ಯೂಟರ್ ಜೊತೆ ಮಾತಾಡಬಹುದು. ಕಾರು ತನ್ನ ದೋಷವನ್ನು ತಾನೇ ಪತ್ತೆ ಹಚ್ಚುವ ಈ ವ್ಯವಸ್ಥೆಯ ಹೆಸರು ಒಬಿಡಿ, ಅದರ ಎರಡನೇ ಹಂತ ಒಬಿಡಿ-2. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಅದು ಕಡ್ಡಾಯ. ನಮ್ಮಲ್ಲಿ ಬಿಎಸ್-4 ಎಂಬ ಹೊಗೆ ನಿಯಮದ ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2 ಬಂತು. 2015ರ ಕಾರಾದ್ದರಿಂದ ಸಿಗುತ್ತದೆ ಎಂಬ ನಂಬಿಕೆ ಇತ್ತು.

ಇಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಆನ್‌ಗೆ ತಿರುಗಿಸಿದೆ. ಎರಡು ದೋಷದ ಕೋಡ್ ಇದ್ದವು. ಖಚಿತವಾದದ್ದು ಪಿ0302. ಇನ್ನೂ ಖಚಿತವಾಗದೆ ಕಾಯುತ್ತಿದ್ದದ್ದು ಪಿ0171.

ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್. ಕಂಪ್ಯೂಟರಿಗೆ ಇದು ಹೇಗೆ ಗೊತ್ತಾಗುತ್ತದೆ ಅಂದರೆ, ಇಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಹತ್ತಿರ ಒಂದು ಸೆನ್ಸರ್ ಇದೆ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್‌ಗೆ ಒಂದು ತಳ್ಳು ಸಿಗುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಆ ಒಂದು ಗಳಿಗೆ ಕ್ರ್ಯಾಂಕ್ ಚೂರು ನಿಧಾನ ಆಗುತ್ತದೆ. ಯಾವ ಸರದಿಯಲ್ಲಿ ನಿಧಾನ ಆಯಿತು ಎಂದು ಎಣಿಸಿ ಸಿಲಿಂಡರ್ ನಂಬರ್ ಹೇಳುತ್ತದೆ.

ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಗ್ಯಾರೇಜಿನವರು ಸೆನ್ಸರ್ ಅಂದದ್ದು ಎಲ್ಲಿಂದ ಬಂತು ಎಂದು ಇಲ್ಲಿ ಗೊತ್ತಾಯಿತು. ಅವರು ಸ್ಕ್ಯಾನ್ ಮಾಡಿರಲಿಲ್ಲ, ಆದರೆ ಹಳದಿ ದೀಪ ಅಂದರೆ ಆಕ್ಸಿಜನ್ ಸೆನ್ಸರ್ ಅನ್ನುವುದು ತುಂಬಾ ಕಡೆ ರೂಢಿ. ಸ್ಕ್ಯಾನ್ ಮಾಡಿ ಪಿ0171 ಮಾತ್ರ ಕಂಡಿದ್ದರೂ ಅದನ್ನೇ ಹೇಳುವ ಸಾಧ್ಯತೆ ಇತ್ತು. ನಿಜ ಏನೆಂದರೆ, ಒಂದು ಸಿಲಿಂಡರ್ ಉರಿಯದೇ ಇದ್ದಾಗ ಅದರೊಳಗಿನ ಗಾಳಿ ಬಳಕೆಯಾಗದೆ ಹಾಗೇ ಹೊರಗೆ ಬರುತ್ತದೆ. ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ಕಂಡು "ಆಮ್ಲಜನಕ ಜಾಸ್ತಿ ಇದೆ" ಎಂದು ಸರಿಯಾಗಿಯೇ ಹೇಳುತ್ತದೆ. ಕಂಪ್ಯೂಟರ್ ಅದನ್ನು ಪೆಟ್ರೋಲ್ ಕಮ್ಮಿ ಎಂದು ತಿಳಿದುಕೊಳ್ಳುತ್ತದೆ. ಸೆನ್ಸರ್ ತನ್ನ ಕೆಲಸ ನೆಟ್ಟಗೆ ಮಾಡುತ್ತಿತ್ತು. ಅದನ್ನೇ ಬದಲಾಯಿಸಲು ಆರೂವರೆ ಸಾವಿರ ಕೊಡುವ ಹಂತದಲ್ಲಿದ್ದೆವು.

ಆಮೇಲೆ ಕೋಡ್ ಬಂದ ಗಳಿಗೆಯ ವಿವರ ನೋಡಿದೆ. ದೋಷ ಕಂಡ ಆ ಕ್ಷಣದ ಲೆಕ್ಕಗಳನ್ನು ಕಂಪ್ಯೂಟರ್ ಫೋಟೋ ತೆಗೆದಂತೆ ಹಿಡಿದಿಟ್ಟಿರುತ್ತದೆ. ವೇಗ 46, ಇಂಜಿನ್ 2,350 ಸುತ್ತು, ಲೋಡ್ 82 ಪರ್ಸೆಂಟ್, ನೀರಿನ ಕಾವು 91 ಡಿಗ್ರಿ. ಅಂದರೆ ಬಿಸಿಯಾದ ಇಂಜಿನ್, ಏರಿನಲ್ಲಿ, ಪೂರ್ತಿ ಭಾರ ಹೊತ್ತಾಗ. ತಂಗಿ ಹೇಳಿದ ಲಾರಿಯ ಕಥೆಗೆ ಅದು ಸರಿಯಾಗಿ ಹೊಂದಿತು.

ಅಷ್ಟರಲ್ಲಿ ಆ್ಯಪ್‌ನ ಕೆಳಗಿನ ಸಾಲೊಂದು ಕಣ್ಣಿಗೆ ಬಿತ್ತು. ಕೋಡ್ ಅಳಿಸಿದ ಮೇಲೆ ಓಡಿದ ದೂರ: 178 ಕಿಲೋಮೀಟರ್.

ಎಲ್ಲ ಕಾರಿನಲ್ಲೂ ಈ ಸಾಲು ಸಿಗುವುದಿಲ್ಲ. ಇದರಲ್ಲಿ ಸಿಕ್ಕಿತು. ಮೀಟರ್ ನೋಡಿದೆ, 61,503. ತಂಗಿಯ ಮೊಬೈಲ್‌ನಲ್ಲಿ ಹಳೆ ಫೋಟೋ ಹುಡುಕಿದೆವು. ಕಾರು ಕೈಗೆ ಬಂದ ದಿನ ಮೀಟರ್ 61,342. ಮೊದಲ ಸಲ ನೋಡಲು ಹೋದ ದಿನ 61,318. ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು ಚೀಟಿಯ ಹಿಂದೆ ಲೆಕ್ಕ ಹಾಕಿದೆ. 61,503ರಲ್ಲಿ 178 ಕಳೆದರೆ 61,325.

ತಂಗಿ ಆ ಅಂಕಿಯನ್ನು ಎರಡು ಸಲ ಓದಿದಳು. "ಅಂದ್ರೆ ನಾವು ನೋಡಿ ಬಂದ ಮೇಲೆ, ನಮಗೆ ಕೊಡೋ ಮೊದಲು ಯಾರೋ ಅಳಿಸಿದಾರೆ, ಅಲ್ವಾ?"

ಹೌದು. ಅವರು ನೋಡಿ ಬಂದ ಮೇಲೆ ಕಾರು 7 ಕಿಲೋಮೀಟರ್ ಓಡಿದೆ, ಆಗ ಯಾರೋ ಕೋಡ್ ಅಳಿಸಿದ್ದಾರೆ. ಅದಾದ ಮೇಲೆ 17 ಕಿಲೋಮೀಟರ್ ಓಡಿ ಇವಳ ಕೈಗೆ ಬಂದಿದೆ. ಮೊದಲ ದಿನದ ಫೋಟೋದಲ್ಲಿ ದೀಪ ಇರಲಿಲ್ಲ ನಿಜ. ಮಿಸ್ಸಿಂಗ್ ಬಂದು ಹೋಗುವ ಕಾಯಿಲೆ. ಕೆಲವು ಸಲ ತೊಂದರೆ ಇಲ್ಲದೆ ಓಡಿದರೆ ದೀಪ ತಾನಾಗಿ ಆರುತ್ತದೆ, ಕೋಡ್ ಮಾತ್ರ ಒಳಗೆ ಇನ್ನೂ ಕೆಲವು ದಿನ ಉಳಿದಿರುತ್ತದೆ. ಆ ಮೊದಲ ಭಾನುವಾರ ಸ್ಕ್ಯಾನರ್ ಚುಚ್ಚಿದ್ದರೆ ಬಹುಶಃ ಅಲ್ಲೇ ಕಾಣುತ್ತಿತ್ತು.

ಇನ್ನೊಂದು ಸುಳಿವೂ ಇತ್ತು. ಕೋಡ್ ಅಳಿಸಿದಾಗ ಕಂಪ್ಯೂಟರ್ ತನ್ನ ಸ್ವಂತ ತಪಾಸಣೆಗಳನ್ನೂ ಮೊದಲಿನಿಂದ ಶುರು ಮಾಡುತ್ತದೆ. ಕನ್ವರ್ಟರ್ ತಪಾಸಣೆ ಮುಗಿಯಲು ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಸ್ಕೂಲಿಗೆ ಹೋಗಿ ಬರುವ ಪುಟ್ಟ ಓಟದಲ್ಲಿ ಅದು ಮುಗಿದಿರಲಿಲ್ಲ, ಆ್ಯಪ್‌ನಲ್ಲಿ "ಅಪೂರ್ಣ" ಎಂದೇ ಇತ್ತು. ಹಳೆ ಕಾರು ನೋಡಲು ಹೋದಾಗ ಕೋಡ್ ಒಂದೂ ಇಲ್ಲ, ಆದರೆ ತಪಾಸಣೆಗಳು ಅಪೂರ್ಣ ಅಂತ ತೋರಿಸಿದರೆ ಖುಷಿ ಪಡಬೇಡಿ. ಇತ್ತೀಚೆಗಷ್ಟೇ ಯಾರೋ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ. ಯಾಕೆ ಎಂದು ಕೇಳಿ. ಹೊಸ ಬ್ಯಾಟರಿ ಹಾಕಿದ್ದರೆ ಅದರ ಬಿಲ್ ಇರುತ್ತದೆ.

ಎಲ್ಲ ಸ್ಕ್ರೀನಿನ ಫೋಟೋ ತೆಗೆದಿಟ್ಟುಕೊಂಡೆ. ಆಮೇಲೆಯೇ ಬಾನೆಟ್ ಎತ್ತಿದ್ದು.

ಕಾಯಿಲ್ ಅದಲು ಬದಲು

ಈ ಇಂಜಿನ್ನಿನಲ್ಲಿ ಪ್ರತಿ ಸ್ಪಾರ್ಕ್ ಪ್ಲಗ್ಗಿನ ತಲೆ ಮೇಲೆ ಒಂದೊಂದು ಇಗ್ನಿಷನ್ ಕಾಯಿಲ್ ಕೂತಿದೆ. ಬ್ಯಾಟರಿಯ 12 ವೋಲ್ಟನ್ನು ಇದು 20-30 ಸಾವಿರ ವೋಲ್ಟಿಗೆ ಏರಿಸುತ್ತದೆ. ಆ ಕರೆಂಟು ಪ್ಲಗ್ ತುದಿಯ ಸುಮಾರು ಒಂದು ಮಿಲಿಮೀಟರ್ ಸಂದಿಯಲ್ಲಿ ಕಿಡಿ ಹಾರಿಸುತ್ತದೆ. ಒಂದು ಸಿಲಿಂಡರ್ ಮಾತ್ರ ಮಿಸ್ಸಿಂಗ್ ಅಂದರೆ ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರಬಹುದು, ವಾಲ್ವ್ ಕಡೆಯ ಕಂಪ್ರೆಷನ್ ಸೋರಿಕೆಯೂ ಇರಬಹುದು. ಯಾವುದು ಅಂತ ತಿಳಿಯಲು ದುಡ್ಡು ಖರ್ಚಿಲ್ಲದ ದಾರಿ ಇದೆ. ಎರಡನೇ ಕಾಯಿಲನ್ನು ಮೂರನೆಯದರ ಜಾಗಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ ತನ್ನಿ. ಕೋಡ್ ಕಾಯಿಲ್ ಜೊತೆ ಹೋದರೆ ತಪ್ಪು ಕಾಯಿಲಿನದು. ಎರಡರಲ್ಲೇ ಉಳಿದರೆ ಬೇರೆ ಕಡೆ ಹುಡುಕಬೇಕು.

ಇಂಜಿನ್ ತಣ್ಣಗಾಗಲಿ ಎಂದು ಮುಕ್ಕಾಲು ಗಂಟೆ ಕಾದೆವು. ಗ್ಯಾರೇಜಿನ ಹುಡುಗ ಟೀ ತಂದುಕೊಟ್ಟ. ಅವನಿಗೂ ನೋಡುವ ಆಸೆ ಇತ್ತು, ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತ. ಕೀ ಆಫ್ ಮಾಡಿ ಕನೆಕ್ಟರ್ ತೆಗೆದು 10 ನಂಬರ್ ಬೋಲ್ಟ್ ಬಿಚ್ಚಿದೆ. ಕಾಯಿಲನ್ನು ಸ್ವಲ್ಪ ಆಚೆ ಈಚೆ ತಿರುಗಿಸಿ ಮೇಲಕ್ಕೆಳೆದೆ. ಪಚಕ್ ಅಂತ ಸದ್ದಾಗಿ ಬಂತು.

ಕಾಯಿಲಿನ ಕೆಳಗೆ ಪ್ಲಗ್ಗಿಗೆ ಸಿಕ್ಕಿಕೊಳ್ಳುವ ರಬ್ಬರ್ ಬೂಟು ಎಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು. ತುದಿಯಿಂದ ಕಪ್ಪು ಆಯಿಲ್ ಒಂದೊಂದೇ ಹನಿ ಬೀಳುತ್ತಿತ್ತು. ಬೆರಳಲ್ಲಿ ಒತ್ತಿದರೆ ರಬ್ಬರ್ ನೆನೆದ ಬಿಸ್ಕತ್ತಿನಷ್ಟು ಮೆತ್ತಗೆ. ಬನಿಯನ್ ಬಟ್ಟೆಯಲ್ಲಿ ಒರೆಸಿದ ಮೇಲೆ ಬೂಟಿನ ಉದ್ದಕ್ಕೂ ಕೂದಲೆಳೆಯಂಥ ಒಂದು ಬೂದು ಗೆರೆ ಕಂಡಿತು. ಹುಡುಗನಿಗೆ ತೋರಿಸಿದೆ. ಕರೆಂಟು ಪ್ಲಗ್ಗಿಗೆ ಹೋಗುವ ಬದಲು ರಬ್ಬರನ್ನು ಸೀಳಿಕೊಂಡು ಪಕ್ಕದ ಲೋಹದ ಗೋಡೆಗೆ ಹಾರಿದ ಗುರುತು ಅದು.

ಟೆಸ್ಟ್ ಡ್ರೈವ್‌ನಲ್ಲಿ ಏನೂ ಕಾಣದೇ ಇದ್ದದ್ದಕ್ಕೂ ಕಾರಣ ಇದೇ. ಸಪಾಟು ರಸ್ತೆಯಲ್ಲಿ ಮೆಲ್ಲಗೆ ಓಡುವಾಗ ಸಿಲಿಂಡರ್ ಒಳಗೆ ಒತ್ತಡ ಕಮ್ಮಿ, ಕಿಡಿ ಹಾರಲು ಕಮ್ಮಿ ವೋಲ್ಟ್ ಸಾಕು. ಬೂಟು ಅಷ್ಟನ್ನು ತಡೆದುಕೊಳ್ಳುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒತ್ತಡ ಏರುತ್ತದೆ, ಜಾಸ್ತಿ ವೋಲ್ಟ್ ಬೇಕಾಗುತ್ತದೆ. ಆಗ ಕರೆಂಟು ಸುಲಭದ ದಾರಿ ಹುಡುಕುತ್ತದೆ. ಮಲೆನಾಡಿನ ಮಳೆಯ ತೇವ ಅದಕ್ಕೆ ಇನ್ನಷ್ಟು ಸಹಾಯ ಮಾಡುತ್ತದೆ. ಹಳೆ ಕಾರು ಕೊಳ್ಳುವಾಗ ಏರು ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ, ಪೂರ್ತಿ ಒತ್ತಿ ನೋಡಬೇಕು ಎಂದು ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಕಾಯಿಲ್‌ಗಳನ್ನು ಅದಲು ಬದಲು ಮಾಡಿ, ಕೋಡ್ ಅಳಿಸಿ ಸ್ಟಾರ್ಟ್ ಮಾಡಿದೆ. ರಸ್ತೆಗೆ ಇಳಿಸಿ ಒಂದು ಏರು ಹತ್ತಿಸುವಷ್ಟರಲ್ಲಿ ಅದೇ ನಡುಕ. ಸ್ಕ್ಯಾನರ್ ನೋಡಿದರೆ ಪಿ0303. ಮಿಸ್ಸಿಂಗ್ ಕಾಯಿಲ್ ಜೊತೆಗೇ ಮೂರನೇ ಸಿಲಿಂಡರಿಗೆ ಹೋಗಿತ್ತು. ತಕ್ಷಣ ಕಾಲು ತೆಗೆದು ವಾಪಸ್ ತಂದೆ. ಆ ಸ್ಥಿತಿಯಲ್ಲಿ 30 ಕಿಲೋಮೀಟರ್ ಓಡಿಸಿದರೆ ಕನ್ವರ್ಟರಿಗೆ ಅಪಾಯ. ಗ್ಯಾರೇಜಿನವರನ್ನೇ ಕೇಳಿ ಕಾರನ್ನು ಅವರ ಶೆಡ್ಡಿನಲ್ಲಿ ಬಿಟ್ಟೆವು. ಅವರು ಬೇಸರ ಮಾಡಿಕೊಳ್ಳದೆ ಒಪ್ಪಿಕೊಂಡರು, ಅದನ್ನೂ ಹೇಳಬೇಕು. ತಂಗಿಯನ್ನು ಬಸ್ ಹತ್ತಿಸಿ ನಾನು ಬೈಕಿನಲ್ಲಿ ಹಿಂದೆ ಬಂದೆ.

ಆಯಿಲ್ ಅಲ್ಲಿಗೆ ಬಂದದ್ದು ಹೇಗೆ

ಸೋಮವಾರ ಹೊಸ ಕಾಯಿಲ್ ತೆಗೆದುಕೊಂಡು ಹೋಗಿ ಹಾಕಿದೆ, ಕಾರು ನುಣ್ಣಗೆ ಓಡಿತು. ಇಲ್ಲಿಗೇ ಬಿಟ್ಟಿದ್ದರೆ ಆರು ತಿಂಗಳಲ್ಲಿ ಆ ಹೊಸ ಕಾಯಿಲೂ ಅದೇ ಆಯಿಲ್‌ನಲ್ಲಿ ನೆನೆದು ಹೋಗುತ್ತಿತ್ತು. ಹಾಗಾಗಿ ನೇರ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ, ನಮಗೆ ಪರಿಚಯದ ಮೇಸ್ತ್ರಿ ಹತ್ತಿರ ತಂದೆವು.

ಪ್ಲಗ್ ಕೂರುವ ಬಾವಿಯಂಥ ಗುಂಡಿ ಇಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್ ಮೂಲಕ ಕೆಳಗೆ ಇಳಿಯುತ್ತದೆ. ಕವರ್ ಒಳಗೆ ಇಂಜಿನ್ ಆಯಿಲ್ ಸದಾ ಚಿಮ್ಮುತ್ತಿರುತ್ತದೆ. ಅದು ಬಾವಿಗೆ ಇಳಿಯದಂತೆ ತಡೆಯುವುದು ಒಂದು ರಬ್ಬರ್ ಉಂಗುರ. ವರ್ಷಗಟ್ಟಲೆ ಕಾವಿಗೆ ಆ ರಬ್ಬರ್ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುತ್ತದೆ, ಆಯಿಲ್ ಜಿನುಗಲು ಶುರುವಾಗುತ್ತದೆ. ಇದೇ ಕಾರಿನ ಕವರ್ ಅಂಚಿನಲ್ಲೂ ಹೊಸ ಆಯಿಲ್ ಗೆರೆ ಕಾಣುತ್ತಿತ್ತು. ವಾಶ್ ಮಾಡಿಸಿದ ಮೇಲೆ ಓಡಿದ ಅಷ್ಟು ಸ್ವಲ್ಪ ದೂರದಲ್ಲೇ ಮತ್ತೆ ಜಿನುಗಿತ್ತು.

ಮೇಸ್ತ್ರಿ ಮೊದಲು ಪ್ಲಗ್ ಮುಟ್ಟಲಿಲ್ಲ. "ಪ್ಲಗ್ ಬಿಚ್ಚಿದ್ರೆ ಬಾವೀಲಿರೋ ಆಯಿಲ್ ಪೂರಾ ಸಿಲಿಂಡರ್ ಒಳಗೆ ಇಳಿಯುತ್ತೆ ಸರ್" ಎಂದು ಒಂದು ದೊಡ್ಡ ಸಿರಿಂಜಿಗೆ ಡ್ರಿಪ್ಸ್ ಪೈಪು ಸಿಕ್ಕಿಸಿ ಗುಂಡಿಯೊಳಗೆ ಇಳಿಸಿದರು. ಎರಡನೇ ಸಿಲಿಂಡರಿನ ಬಾವಿಯಿಂದಲೇ 20 ಎಂಎಲ್ ಹತ್ತಿರ ಬಂತು. ಉಳಿದದ್ದನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ ಆಮೇಲೆ ಪ್ಲಗ್ ತೆಗೆದರು. ಕವರ್ ಬಿಚ್ಚಿದಾಗ ಹಳೆ ಉಂಗುರ ಉಗುರಿಗೆ ತಾಗಿದ ಕೂಡಲೇ ಚೂರಾಯಿತು. ಹೊಸ ಪ್ಯಾಕಿಂಗ್ ಕೂರಿಸಿ ಬೋಲ್ಟ್‌ಗಳನ್ನು ನಡುವಿನಿಂದ ಶುರು ಮಾಡಿ ಹೊರಕ್ಕೆ, ಎದುರುಬದುರಾಗಿ, ಮೆಲ್ಲಗೆ ಬಿಗಿದರು. ಒಂದೇ ಬದಿಯಿಂದ ಬಿಗಿದರೆ ಕವರ್ ಎದ್ದು ಮತ್ತೆ ಜಿನುಗುತ್ತದೆ.

ಖರ್ಚು: ಕಾಯಿಲ್ 1,850, ನಾಲ್ಕು ಪ್ಲಗ್ 640, ಪ್ಯಾಕಿಂಗ್ ಸೆಟ್ 720, ಕೂಲಿ 600. ಒಟ್ಟು 3,810 ರೂಪಾಯಿ.

ಮಾರಿದವರ ಜೊತೆ ಮಾತು

ತಂಗಿ ಗಂಡನಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ. ಆದರೆ ಮೋಸ ಎಂಬ ಮಾತಿನಿಂದ ಶುರು ಮಾಡುವುದು ಬೇಡ ಎಂದು ನಾನು ಹೇಳಿದೆ. ಮೀಟರಿನ ಎರಡು ಫೋಟೋ, ಸ್ಕ್ಯಾನರಿನ ಫೋಟೋ, ಬಿಲ್ಲು, ಇಷ್ಟನ್ನು ಕಳಿಸಿ ಆಮೇಲೆ ಫೋನ್ ಮಾಡಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಲೈಟ್ ಆಗಾಗ ಬರುತ್ತಿತ್ತು, ಕೊಡುವ ಮೊದಲು ಗ್ಯಾರೇಜಿಗೆ ತೋರಿಸಿದೆ, ಅವರು ಆರಿಸಿಕೊಟ್ಟರು, ಸರಿ ಹೋಯಿತು ಅಂದುಕೊಂಡೆ ಎಂದರು. ಇದು ನಿಜವೇ ಇರಬಹುದು. ದೀಪ ಆರಿದರೆ ರಿಪೇರಿ ಆಯಿತು ಎಂದು ನಂಬುವವರು ಎಷ್ಟೋ ಜನ. ಆದರೂ ಲೈಟ್ ಬರುತ್ತಿತ್ತು ಅನ್ನುವ ಒಂದು ಮಾತನ್ನು ಕೊಳ್ಳುವವರಿಗೆ ಹೇಳಬೇಕಿತ್ತು. ಒಬ್ಬ ಹೆಂಗಸು ಮಳೆಯಲ್ಲಿ ಒಬ್ಬಳೇ ಲಾರಿ ದಾಟುವಾಗ ಪಿಕಪ್ ಸಾಯುವುದು ಸಣ್ಣ ವಿಷಯ ಅಲ್ಲ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ.

ಪ್ಲಗ್ ಹೇಗೂ ಬದಲಿಸುವ ಸಾಮಾನು, ಅದನ್ನು ಬಿಟ್ಟು 3,170 ಕೇಳಿದೆವು. 2,500ಕ್ಕೆ ಒಪ್ಪಿದರು. ಬಾಕಿ ಇದ್ದ 15,000ದಲ್ಲಿ ಅಷ್ಟು ಮುರಿದುಕೊಂಡೆವು. ಆ ಬಾಕಿ ನಮ್ಮ ಕೈಯಲ್ಲಿ ಇರದಿದ್ದರೆ ಮಾತು ಇಷ್ಟು ಸಲೀಸಾಗಿ ಮುಗಿಯುತ್ತಿತ್ತೋ ಇಲ್ಲವೋ.

ಆಮೇಲೆ

ನನಗೆ ಕೊನೆಯವರೆಗೂ ಚಿಂತೆ ಇದ್ದದ್ದು ಕನ್ವರ್ಟರ್ ಬಗ್ಗೆ. ಮಿಸ್ಸಿಂಗ್ ಎಷ್ಟು ತಿಂಗಳಿಂದ ಇತ್ತೋ, ಒಳಗಿನ ಗೂಡು ಎಷ್ಟು ಕಾವು ಕಂಡಿತ್ತೋ. ಅದು ಕೆಟ್ಟಿದ್ದರೆ ಪಿ0420 ಬರಬೇಕು. ಆದರೆ ಕಂಪ್ಯೂಟರ್ ತನ್ನ ತಪಾಸಣೆ ಮುಗಿಸುವವರೆಗೂ ಆ ಕೋಡ್ ಬರುವುದಿಲ್ಲ. ಅದಕ್ಕೆ ಮುಂದಿನ ಭಾನುವಾರ ತಂಗಿಯನ್ನು ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ನಾನೇ ಓಡಿಸಿದೆ. ಸಾಧ್ಯವಾದಲ್ಲೆಲ್ಲ 60ರ ವೇಗದಲ್ಲಿ ಒಂದೇ ಸಮ. ಮಂಡಗದ್ದೆಯ ಏರಿನಲ್ಲಿ ಮೂರನೇ ಗೇರ್ ಹಾಕಿ ಪೂರ್ತಿ ಒತ್ತಿದೆ. ಕಾರು ಒಂದು ಚೂರೂ ನಡುಗದೆ ಏರಿತು. ಸಕ್ರೆಬೈಲು ದಾಟಿದ ಮೇಲೆ ಗಾಜನೂರಿನ ಹತ್ತಿರ ನಿಲ್ಲಿಸಿ ಆ್ಯಪ್ ತೆಗೆದರೆ ಕನ್ವರ್ಟರ್ ತಪಾಸಣೆ "ಪೂರ್ಣ". ಕೋಡ್ ಒಂದೂ ಇಲ್ಲ. ಪಿ0171 ಕೂಡ ಮತ್ತೆ ಬಂದಿರಲಿಲ್ಲ.

ಈಗ ತಂಗಿ ದಿನಾ ಕೀ ಆನ್ ಮಾಡಿ ಎರಡು ಸೆಕೆಂಡ್ ಕಾಯುತ್ತಾಳೆ. ಆಗ ಇಂಜಿನ್ ಚಿತ್ರದ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಆನ್ ಮಾಡಿದಾಗಲೂ ಹತ್ತದಿದ್ದರೆ ಬಲ್ಬ್ ತೆಗೆದಿದ್ದಾರೆ ಎಂದೇ ಅನುಮಾನ ಪಡಬೇಕು ಎಂದು ಅವಳಿಗೆ ಹೇಳಿಕೊಟ್ಟಿದ್ದೇನೆ. ಮೊನ್ನೆ ಅವರ ಸ್ಕೂಲಿನ ಇನ್ನೊಬ್ಬ ಟೀಚರ್ ಹಳೆ ಕಾರು ನೋಡಲು ಹೊರಟಾಗ ಇವಳೇ ಜೊತೆಗೆ ಹೋಗಿದ್ದಳು. ನನ್ನ ಸ್ಕ್ಯಾನರ್ ಅವಳ ಬ್ಯಾಗಿನಲ್ಲೇ ಇದೆ, ಇನ್ನೂ ವಾಪಸ್ ಬಂದಿಲ್ಲ.